ಅಂಗಳದ ಇರುವೆ: ವಿಷರಹಿತ ನಿವಾರಣೋಪಾಯಗಳ ಐತಿಹಾಸಿಕ ವಿವೇಚನೆ

ಇತಿಹಾಸ ವಿಭಾಗವೊಂದರ ವಾರ್ಷಿಕ ಸಂಚಿಕೆಯಲ್ಲಿ ಇರುವೆಗೆ ಸ್ಥಳವೆಲ್ಲಿಯದೆಂದು ವಾಚಕರು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ. ಶಾಸನ, ನಾಣ್ಯ, ರಾಜವಂಶ, ಭೂಕಂದಾಯ ಮುಂತಾದ ವಿಷಯಗಳಿಗೆ ಮೀಸಲಾದ ಪುಟಗಳನ್ನು ಇಂಥ ಅಲ್ಪಪ್ರಾಣಿಗೆ ಬಿಟ್ಟುಕೊಡುವುದಕ್ಕೆ ಕಾರಣವನ್ನು ಮೊದಲು ನಿವೇದಿಸುವುದು ಯುಕ್ತ.

ಕಳೆದ ಬೇಸಗೆಯಲ್ಲಿ ನಮ್ಮ ವಿಭಾಗದ ಹಿಂದಣ ಅಂಗಳದಲ್ಲಿ ಇರುವೆಗಳ ಕಾಟ ವಿಪರೀತವಾಯಿತು. ಅಲ್ಲಿರುವ ಕಲ್ಲುಬೆಂಚಿನ ಮೇಲೆ ಕುಳಿತುಕೊಳ್ಳುವುದು ಅಸಾಧ್ಯವಾಯಿತು. ವಿದ್ಯಾರ್ಥಿಗಳ ಬುತ್ತಿಗಳಿಗೂ, ಕೊನೆಗೆ ಪುಸ್ತಕದ ಕೊಠಡಿಗೂ ಸಾಲುಗಳು ಹರಿದುಬಂದವು. ನಾವು ಹೆಚ್ಚಿನ ವಿಚಾರ ಮಾಡದೆ ಅಂಗಡಿಯಿಂದ ಬಿಳಿಯ ವಿಷದ ಪುಡಿಯನ್ನು ತರಿಸಿ ಗೋಡೆಯ ಉದ್ದಕ್ಕೂ ಚೆಲ್ಲಿಸಿದೆವು. ಮರುದಿನ ಬೆಳಗ್ಗೆ, ತೋಟ ನೋಡಿಕೊಳ್ಳುವಾತನ ನಾಲ್ಕು ವರ್ಷದ ಮಗಳು ಆ ಪುಡಿಯನ್ನು ಹಿಡಿಯಲ್ಲಿ ತುಂಬಿಕೊಂಡು, ಬೆಂಚಿನ ಮುಂದೆ ಚುಕ್ಕಿಯಿಟ್ಟು ರಂಗೋಲಿ ಬರೆಯುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ಅವಳ ತಾಯಿ ಓಡಿಬಂದು, "ಅದು ರಂಗೋಲಿ ಹಿಟ್ಟಲ್ಲವೇ ಮಗಳೇ, ವಿಷ!" ಎಂದು ಕೈಯನ್ನು ಝಾಡಿಸಿ, ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಮಗುವಿಗೆ ಅಪಾಯವೇನೂ ಆಗಲಿಲ್ಲ. ಆದರೆ ಅಂಗಳದ ಬಿಳಿಯ ಗೆರೆಯನ್ನು ಕಂಡ ಮಗು ಅದನ್ನು ರಂಗೋಲಿಯೆಂದು ಭಾವಿಸಿದ್ದರಲ್ಲಿ ಅದರ ತಪ್ಪಾದರೂ ಏನು? ತಪ್ಪು ನಮ್ಮದು. ಅಂದಿನಿಂದ, ಮನುಷ್ಯನು ತನ್ನ ಅಂಗಳದ ಇರುವೆಯೊಡನೆ ಹಿಂದಿನಿಂದ ಹೇಗೆ ನಡೆದುಕೊಂಡಿದ್ದಾನೆ, ಆತನ ಉಪಾಯಗಳಲ್ಲಿ ಫಲಿಸಿದುವಾವುವು, ಕೆಟ್ಟುವಾವುವು ಎಂಬುದನ್ನು ವಿಚಾರಿಸತೊಡಗಿದೆವು. ಆ ವಿಚಾರಣೆಯ ಸಾರಾಂಶವೇ ಪ್ರಸ್ತುತ ಲೇಖನ.

೧. ಇರುವೆಯ ಸ್ವಭಾವ

ಉಪಾಯವನ್ನು ಹೇಳುವ ಮುನ್ನ ಇರುವೆಯ ಸ್ವಭಾವವನ್ನು ಅರಿಯುವುದು ಅವಶ್ಯಕ. ಲೋಕದಲ್ಲಿ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಇರುವೆಯ ಜಾತಿಗಳನ್ನು ವಿಜ್ಞಾನಿಗಳು ಹೆಸರಿಸಿದ್ದಾರೆ. ೨೦೧೬ರಲ್ಲಿ ಪ್ರಕಟವಾದ ಪಟ್ಟಿಯೊಂದರಂತೆ ಭಾರತದಲ್ಲಿ ಜಾತಿ ಉಪಜಾತಿಗಳು ಸೇರಿ ಎಂಟುನೂರಕ್ಕೂ ಹೆಚ್ಚಿವೆ. ನಮ್ಮ ಜನರು ಅವುಗಳಲ್ಲಿ ಕೆಲವನ್ನು ಕೆಂಪಿರುವೆ, ಕಪ್ಪಿರುವೆ, ಕಟ್ಟಿರುವೆ, ಗೊದ್ದ, ಚಗಳಿ ಎಂದು ಬೇರೆಬೇರೆ ಹೆಸರುಗಳಿಂದ ಕರೆದಿದ್ದಾರೆ. ಗೆದ್ದಲನ್ನು 'ಬಿಳಿಯಿರುವೆ' ಎಂದು ಕರೆಯುವುದುಂಟಾದರೂ ಅದು ಇರುವೆಯಲ್ಲ. ಅದರ ವಂಶವು ಜಿರಳೆಯ ವಂಶಕ್ಕೆ ಹತ್ತಿರವಾದುದು. ಹುತ್ತವನ್ನು ಕಟ್ಟುವುದು ಗೆದ್ದಲು. ಇರುವೆಯಾದರೋ ಗೆದ್ದಲಿನ ಪರಮಶತ್ರುಗಳಲ್ಲಿ ಒಂದು. ಆದಕಾರಣ ಅಂಗಳದ ಇರುವೆಗಳನ್ನೆಲ್ಲ ನಿರ್ಮೂಲ ಮಾಡಿದವನು ತನಗರಿವಿಲ್ಲದೆಯೇ ಬಾಗಿಲ ಚೌಕಟ್ಟಿನ ಗೆದ್ದಲಿಗೆ ಉಪಕಾರ ಮಾಡಿರಬಹುದು.

ನಿವಾರಣೆಯ ದೃಷ್ಟಿಯಿಂದ ಮೂರು ಸಂಗತಿಗಳು ಮುಖ್ಯವಾದುವು. ಮೊದಲನೆಯದು: ನಮ್ಮ ಕಣ್ಣಿಗೆ ಬೀಳುವ ಇರುವೆಗಳು ಗೂಡಿನ ಒಂದಂಶ ಮಾತ್ರ. ಮೊಟ್ಟೆಯಿಡುವ ರಾಣಿಯೂ, ಮರಿಗಳೂ, ಅವುಗಳನ್ನು ಸಾಕುವ ಕೆಲಸಗಾರರೂ ನೆಲದೊಳಗಿರುತ್ತವೆ. ಹೊರಗಿನವನ್ನು ಎಷ್ಟು ಕೊಂದರೂ ರಾಣಿ ಉಳಿದಿರುವತನಕ ಆ ನಷ್ಟ ತುಂಬಿಬರುತ್ತದೆ. ಎರಡನೆಯದು: ಆಹಾರವನ್ನು ಕಂಡ ಇರುವೆಯು ಹಿಂದಿರುಗುವಾಗ ನೆಲದ ಮೇಲೆ ಗಂಧದ ಗುರುತೊಂದನ್ನು ಬಿಡುತ್ತದೆ, ಉಳಿದುವು ಆ ಗುರುತನ್ನೇ ಹಿಡಿದು ಸಾಲಾಗಿ ಬರುತ್ತವೆ. ಮೂರನೆಯದು: ಬೆಳೆದ ಇರುವೆಯು ಘನಪದಾರ್ಥವನ್ನು ನುಂಗಲಾರದು. ಅದು ರಸವನ್ನು ಹೀರಿ, ಗೂಡಿಗೆ ಒಯ್ದು, ಬಾಯಿಂದ ಬಾಯಿಗೆ ಹಂಚುತ್ತದೆ. ಘನವಾದ ಆಹಾರವನ್ನು ಅನೇಕ ಜಾತಿಗಳಲ್ಲಿ ಮರಿಗಳೇ ಜೀರ್ಣಿಸಿಕೊಡುತ್ತವೆ. ಮುಂದೆ ಹೇಳುವ ಉಪಾಯಗಳ ಬಲಾಬಲಗಳೆಲ್ಲವೂ ಈ ಮೂರು ಸಂಗತಿಗಳನ್ನೇ ಅವಲಂಬಿಸಿವೆ.

೨. ಪ್ರಾಚೀನರ ಉಪಾಯಗಳು

ಧಾನ್ಯವನ್ನು ಕೂಡಿಡುವ ರೂಢಿ ಬಂದಂದಿನಿಂದ ಇರುವೆಯ ಚಿಂತೆಯೂ ಬಂದಿರಬೇಕು. ಕ್ರಿ. ಪೂ. ಎರಡನೆಯ ಶತಮಾನದ ರೋಮನ್ ಮುತ್ಸದ್ದಿ ಕೇಟೋ ತನ್ನ ಕೃಷಿಗ್ರಂಥದಲ್ಲಿ, ಒಕ್ಕುವ ಕಣದ ಮಣ್ಣಿಗೆ ಆಲಿವ್ ಎಣ್ಣೆಯ ಗಸಿಯನ್ನು ಕುಡಿಸಿ ನೆಲವನ್ನು ಗಟ್ಟಿಮಾಡಿದರೆ ಇರುವೆಯ ಬಾಧೆಯೂ ಕಳೆಯೂ ತಪ್ಪುವುವೆಂದು ವಿಧಿಸಿದ್ದಾನೆ. ಕ್ರಿ. ಪೂ. ೩೭ರ ಸುಮಾರಿನಲ್ಲಿ ಬರೆದ ವಾರೋ ಎಂಬ ಪಂಡಿತನೂ ಇದೇ ಮಾತನ್ನು ಹೇಳುತ್ತಾನೆ. ಎಣ್ಣೆ ತೆಗೆದ ಮೇಲೆ ಉಳಿಯುವ, ಬೇರೆ ಹೆಚ್ಚಿನ ಬೆಲೆಯಿಲ್ಲದ ವಸ್ತುವನ್ನೇ ರಕ್ಷಣೆಗೆ ಬಳಸಿದ ಈ ಮಿತವ್ಯಯವು ಗಮನಾರ್ಹವಾದುದು. ನಮ್ಮ ಒಕ್ಕಲಿಗನು ಸುಗ್ಗಿಯ ಕಣವನ್ನು ಸಗಣಿಯಿಂದ ಸಾರಿಸಿ ಗಟ್ಟಿಮಾಡುವುದರಲ್ಲಿಯೂ ಇದೇ ವಿವೇಕ ಕಾಣುತ್ತದೆ: ಬಿರುಕಿಲ್ಲದ ನೆಲದಲ್ಲಿ ಗೂಡಿಗೆ ಬಾಯಿಲ್ಲ.

ಭಾರತೀಯ ಗ್ರಂಥಗಳಲ್ಲಿ ಇರುವೆಯು ಶತ್ರುವಾಗಿ ಕಾಣಿಸಿಕೊಳ್ಳುವುದಕ್ಕಿಂತ ಹೆಚ್ಚಾಗಿ ಸೂಚಕವಾಗಿ ಕಾಣಿಸಿಕೊಳ್ಳುತ್ತದೆ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಯಾವ ಉಪದ್ರವವೂ ಇಲ್ಲದೆ ಇರುವೆಗಳು ತಮ್ಮ ಮೊಟ್ಟೆಗಳನ್ನು ಸ್ಥಳಾಂತರಿಸುವುದನ್ನು ಸನ್ನಿಹಿತವಾದ ಮಳೆಯ ಲಕ್ಷಣಗಳಲ್ಲಿ ಎಣಿಸಿದ್ದಾನೆ. ಅದೇ ಗ್ರಂಥದ ವೃಕ್ಷಾಯುರ್ವೇದಾಧ್ಯಾಯದಲ್ಲಿ ರೋಗಗ್ರಸ್ತವಾದ ಗಿಡದ ಕೆಟ್ಟ ಭಾಗವನ್ನು ಮೊದಲು ಶಸ್ತ್ರದಿಂದ ಕತ್ತರಿಸಿ, ಅನಂತರ ವಾಯುವಿಳಂಗ, ತುಪ್ಪ, ಕೆಸರುಗಳ ಲೇಪವನ್ನು ಹಚ್ಚಬೇಕೆಂಬ ವಿಧಿಯಿದೆ. ಕನ್ನಡದಲ್ಲಿ ೧೦೨೫ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರವೂ ವೃಕ್ಷಾಯುರ್ವೇದವನ್ನು ಗೃಹಸ್ಥನಿಗೆ ಬೇಕಾದ ವಿದ್ಯೆಗಳಲ್ಲಿ ಸೇರಿಸಿಕೊಂಡಿದೆ. ಮೊದಲು ಕೆಟ್ಟುದನ್ನು ಕತ್ತರಿಸು, ಆಮೇಲೆ ಔಷಧ ಹಚ್ಚು ಎಂಬ ಈ ಕ್ರಮವು ಇಂದಿನ ತೋಟಗಾರಿಕೆಗೂ ಸಲ್ಲುವಂಥದು. ನಮ್ಮ ಅಂಗಳದಲ್ಲಿ ಅದು ಹೇಗೆ ಉಪಯೋಗಕ್ಕೆ ಬಂದಿತೆಂಬುದನ್ನು ಮುಂದೆ ಹೇಳುತ್ತೇವೆ.

ಇದರ ಜೊತೆಗೆ ನಮ್ಮ ನಾಡಿನ ಧಾರ್ಮಿಕ ಭಾವನೆಯೂ ಕೆಲಸ ಮಾಡಿದೆ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೆಂಬುದೊಂದುಂಟು. ಕ್ರಿಮಿಕೀಟಗಳಿಗೂ ಅನ್ನದ ಪಾಲನ್ನು ನೆಲದ ಮೇಲಿಡಬೇಕೆಂಬುದು ಅದರ ವಿಧಿ. ಜೈನ ತತ್ತ್ವವಿಚಾರದಲ್ಲಿ ಇರುವೆಯು ಸ್ಪರ್ಶ, ರಸ, ಘ್ರಾಣಗಳೆಂಬ ಮೂರು ಇಂದ್ರಿಯಗಳುಳ್ಳ ಜೀವವೆಂದು ಗಣಿತವಾಗಿದೆ. ಅದರ ಹಿಂಸೆ ಅಲ್ಪವಾದುದೆಂದು ಆ ಮತವು ತಳ್ಳಿಹಾಕುವುದಿಲ್ಲ. ಶತಮಾನಗಳ ಕಾಲ ಜೈನಧರ್ಮವು ನೆಲೆಸಿದ್ದ ಕನ್ನಡ ನಾಡಿನಲ್ಲಿ ಈ ಭಾವನೆಯು ಜನರ ನಡತೆಯ ಮೇಲೆ ಪ್ರಭಾವ ಬೀರಿದ್ದರೆ ಆಶ್ಚರ್ಯವಿಲ್ಲ. ಹಬ್ಬದ ದಿನ ಅಕ್ಕಿಹಿಟ್ಟಿನಿಂದ ರಂಗೋಲಿಯಿಟ್ಟು, "ಇರುವೆಗೂ ಒಂದು ತುತ್ತಾಗಲಿ" ಎನ್ನುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಹೊಸ್ತಿಲ ಹೊರಗೆ ಉಣಿಸಿದರೆ ಒಳಗೆ ಬರುವುದಿಲ್ಲವೆಂಬ ನಂಬಿಕೆಯೂ ಕೆಲವೆಡೆ ಇದೆ. ನಿವಾರಣೋಪಾಯವಾಗಿ ಇದನ್ನು ಶಿಫಾರಸು ಮಾಡಲಾರೆವು, ಏಕೆಂದರೆ ಆಹಾರವಿದ್ದೆಡೆಗೆ ಇರುವೆ ಬರುವುದೇ ನಿಯಮ. ಆದರೆ ಒಂದು ವ್ಯತ್ಯಾಸವನ್ನು ಇತಿಹಾಸಕಾರನು ಗುರುತಿಸದೆ ಇರಲಾಗದು. ಅಂಗಳದ ಬಿಳಿಯ ಗೆರೆಯು ಹಿಂದೆ ಇರುವೆಗೆ ಉಣಿಸಾಗಿತ್ತು. ನಮ್ಮ ಕಾಲದಲ್ಲಿ ಅದು ವಿಷವಾಗಿದೆ. ಮಗುವಿನ ಕಣ್ಣಿಗೆ ಇವೆರಡರ ಭೇದವು ತಿಳಿಯುವುದಿಲ್ಲ.

ಇನ್ನು ಮನೆಮನೆಯ ಸಾಮಾನ್ಯ ಉಪಾಯಗಳಲ್ಲಿ ಎರಡನ್ನು ಸ್ಮರಿಸಬೇಕು. ಮಂಚ, ತಿಂಡಿಯ ಬೀರುಗಳ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುವುದು ಒಂದು. ಗೋಡೆಯ ಬುಡಕ್ಕೆ ಒಲೆಯ ಬೂದಿಯನ್ನು ಹರಡುವುದು ಇನ್ನೊಂದು. ಇವೆರಡೂ ಇರುವೆಯನ್ನು ಕೊಲ್ಲದೆ ತಡೆಯುತ್ತವೆ. ಕೋಟೆಗೆ ಕಂದಕವನ್ನು ತೋಡಿದ ಜನರು ತಿಂಡಿಯ ಬೀರುವಿಗೂ ಕಂದಕವನ್ನು ಕಲ್ಪಿಸಿದರೆಂದು ಹೇಳಬಹುದು.

೩. ಮೂರು ಪರಾಭವಗಳು

ಮನುಷ್ಯನು ಇರುವೆಯ ಮೇಲೆ ನೇರವಾಗಿ ಯುದ್ಧ ಸಾರಿದ ಪ್ರಸಂಗಗಳೂ ಚರಿತ್ರೆಯಲ್ಲಿ ಉಂಟು. ಅವುಗಳಲ್ಲಿ ಮೂರು ವಿಶೇಷ ಬೋಧಪ್ರದವಾಗಿವೆ.

ಮೊದಲನೆಯದು ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದ್ದು. ಸ್ಪೇನಿನವರು ಅಲ್ಲಿ ನೆಲೆಯೂರಿದ ಕೆಲವೇ ವರ್ಷಗಳಲ್ಲಿ, ೧೫೧೮-೧೯ರ ಸುಮಾರಿನಲ್ಲಿ, ಇರುವೆಗಳು ಲೆಕ್ಕವಿಲ್ಲದಷ್ಟು ಹೆಚ್ಚಿ ಕಿತ್ತಳೆ, ದಾಳಿಂಬೆ ಮುಂತಾದ ಮರಗಳು ಬುಡದಿಂದ ಒಣಗಿಹೋದುವೆಂದು ಬಾರ್ತೊಲೋಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿಯು ತನ್ನ ಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಮಠವೊಂದರ ಸನ್ಯಾಸಿಗಳು ಮೂರು ನಾಲ್ಕು ಪೌಂಡು ತೂಕದ ಪಾದರಸದ ಘೋರವಿಷದ ಗಡ್ಡೆಯೊಂದನ್ನು ಮಾಳಿಗೆಯ ಮೇಲಿಟ್ಟರು. ಸುತ್ತಮುತ್ತಲ ಇರುವೆಗಳೆಲ್ಲ ಅದನ್ನು ಕಚ್ಚಲು ಬಂದು ಬಂದು ಸತ್ತುವು. ಮಾಳಿಗೆಯು ಇದ್ದಿಲಪುಡಿ ಚೆಲ್ಲಿದಂತೆ ಕಪ್ಪಾಯಿತು. ಆದರೆ ಬರುವ ಇರುವೆಗಳಿಗೆ ಕೊನೆಯೇ ಕಾಣಲಿಲ್ಲ. ವಿಷದ ಗಡ್ಡೆ ಕರಗಿತೇ ಹೊರತು ಇರುವೆ ಕರಗಲಿಲ್ಲ. ಕೊನೆಗೆ ಜನರು ಚೀಟಿಯೆತ್ತಿ ಸಂತ ಸಾತುರ್ನಿನಸನನ್ನು ರಕ್ಷಕನನ್ನಾಗಿ ಆರಿಸಿಕೊಂಡು ಮೆರವಣಿಗೆ ಮಾಡಿದರು.

ಈ ಪ್ರಸಂಗವನ್ನು ೨೦೦೫ರಲ್ಲಿ ಕೀಟವಿಜ್ಞಾನಿ ಎಡ್ವರ್ಡ್ ಒ. ವಿಲ್ಸನ್ ಪುನರ್ವಿಮರ್ಶೆ ಮಾಡಿದನು. ಆತನ ಊಹೆಯಂತೆ ಆ ಇರುವೆಯು ಉಷ್ಣವಲಯದ ಬೆಂಕಿಯಿರುವೆ. ಮರಗಳನ್ನು ಕೊಂದುದಾದರೋ ಇರುವೆಯಲ್ಲ, ಗಿಡದ ರಸವನ್ನು ಹೀರುವ ಸಣ್ಣ ಕೀಟಗಳು. ೧೫೧೬ರಲ್ಲಿ ಕೆನರಿ ದ್ವೀಪಗಳಿಂದ ತಂದ ಬಾಳೆಯ ಗಿಡಗಳೊಡನೆ ಅವು ಬಂದಿರಬೇಕು. ಅವು ವಿಸರ್ಜಿಸುವ ಸಿಹಿದ್ರವವನ್ನು ಇರುವೆಯು ಕುಡಿಯುತ್ತ, ಪ್ರತಿಯಾಗಿ ಅವುಗಳನ್ನು ಶತ್ರುಗಳಿಂದ ಕಾಯುತ್ತ ಎರಡೂ ಒಟ್ಟಿಗೆ ಹೆಚ್ಚಿದುವು. ಜನರು ಕಂಡುದು ಇರುವೆಯನ್ನು. ಕಾರಣವು ಎಲೆಯ ಹಿಂಬದಿಯಲ್ಲಿತ್ತು. ಆ ಬೆಂಕಿಯಿರುವೆಯು ಈಗ ಭಾರತದಲ್ಲಿಯೂ ಇದೆಯೆಂಬುದನ್ನು ಇಲ್ಲಿ ಹೇಳಬೇಕು.

ಎರಡನೆಯದು ಹದಿನೆಂಟನೆಯ ಶತಮಾನದ ಗ್ರೆನಾಡ, ಮಾರ್ಟಿನಿಕ್ ದ್ವೀಪಗಳದು. ೧೭೭೦ರ ದಶಕದಲ್ಲಿ ಅಲ್ಲಿನ ಕಬ್ಬಿನ ತೋಟಗಳನ್ನು 'ಸಕ್ಕರೆಯಿರುವೆ' ಆವರಿಸಿತು. ವಿಷ ಹಾಕಿದರು, ಬೆಂಕಿಯಿಟ್ಟರು, ಫಲವಾಗಲಿಲ್ಲ. ಪರಿಹಾರವನ್ನು ಕಂಡುಹಿಡಿದವರಿಗೆ ಗ್ರೆನಾಡದಲ್ಲಿ ಇಪ್ಪತ್ತು ಸಾವಿರ ಪೌಂಡುಗಳ ಬಹುಮಾನವನ್ನು ಸಾರಲಾಯಿತು. ಕೊನೆಗೆ ೧೭೮೦ರ ಭಯಂಕರ ಚಂಡಮಾರುತದ ಅನಂತರ ಆ ಪೀಡೆ ಇಳಿಯಿತೆಂದು ಸಮಕಾಲೀನರು ದಾಖಲಿಸಿದ್ದಾರೆ.

ಮೂರನೆಯದು ನಮ್ಮ ಕಾಲಕ್ಕೆ ಸಮೀಪವಾದುದು. ದಕ್ಷಿಣ ಅಮೆರಿಕದ ಕೆಂಪು ಬೆಂಕಿಯಿರುವೆಯು ೧೯೩೦ರ ದಶಕದಲ್ಲಿ ಹಡಗುಗಳ ಮೂಲಕ ಸಂಯುಕ್ತ ಸಂಸ್ಥಾನಗಳ ಮೊಬೈಲ್ ರೇವಿಗೆ ಬಂದು ಹರಡಿತು. ೧೯೫೭ರಲ್ಲಿ ಅಲ್ಲಿನ ಸರ್ಕಾರವು ನಿರ್ಮೂಲನ ಯೋಜನೆಯನ್ನು ಕೈಗೊಂಡು, ವಿಶಾಲವಾದ ಭೂಪ್ರದೇಶದ ಮೇಲೆ ವಿಮಾನಗಳಿಂದ ಹೆಪ್ಟಾಕ್ಲೋರ್, ಡೀಲ್ಡ್ರಿನ್ ಎಂಬ ವಿಷಗಳನ್ನು ಸುರಿಸಿತು. ಹಕ್ಕಿಗಳೂ ಮೀನುಗಳೂ ಸತ್ತುವು. ೧೯೬೨ರಲ್ಲಿ ಪ್ರಕಟವಾದ ರೇಚಲ್ ಕಾರ್ಸನ್ನಳ 'ಸೈಲೆಂಟ್ ಸ್ಪ್ರಿಂಗ್' ಗ್ರಂಥವು ಈ ಯೋಜನೆಯನ್ನು ಕಟುವಾಗಿ ವಿಮರ್ಶಿಸಿತು. ಅದೇ ವರ್ಷದಿಂದ ಬಳಕೆಗೆ ಬಂದ ಮಿರೆಕ್ಸ್ ಎಂಬ ಇನ್ನೊಂದು ವಿಷವನ್ನೂ ೧೯೭೦ರ ದಶಕದ ಕೊನೆಗೆ ನಿಲ್ಲಿಸಬೇಕಾಯಿತು. ಬೆಂಕಿಯಿರುವೆ ಮಾತ್ರ ಇಂದಿಗೂ ಅಲ್ಲಿದೆ. ವಿಷವು ಸ್ಥಳೀಯವಾದ ಇತರ ಇರುವೆಗಳನ್ನೂ ಕೊಂದುದರಿಂದ ಬರಿದಾದ ನೆಲವನ್ನು ಮೊದಲು ಮರಳಿ ಆಕ್ರಮಿಸಿದ್ದು ಬೆಂಕಿಯಿರುವೆಯೇ. ಅಂಗಳಗಳಿಗೂ ಈ ಮಾತು ಅನ್ವಯಿಸುತ್ತದೆ: ಎಲ್ಲವನ್ನೂ ಕೊಂದ ನೆಲವು ಬರಿದಾಗಿ ಉಳಿಯುವುದಿಲ್ಲ, ಹೊಸದಾಗಿ ಬರುವುದು ಹಳೆಯದಕ್ಕಿಂತ ಕೆಟ್ಟದಾಗಿರಬಹುದು.

ಈ ಮೂರಕ್ಕೂ ಪ್ರತಿಯಾಗಿ ಇತ್ತೀಚಿನ ಒಂದು ಪ್ರಯತ್ನವನ್ನು ಹೇಳುವುದು ಉಚಿತ. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಹಳದಿ ಹುಚ್ಚಿರುವೆಯೆಂಬ ಪರದೇಶಿ ಜಾತಿಯು ಹೆಚ್ಚಿ ಆ ದ್ವೀಪದ ಪ್ರಸಿದ್ಧವಾದ ಕೆಂಪು ಏಡಿಗಳನ್ನು ಕೋಟಿಗಟ್ಟಲೆ ಕೊಂದಿತು. ೨೦೧೬ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಇರುವೆಯನ್ನು ಮುಟ್ಟದೆ, ಅದಕ್ಕೆ ಸಿಹಿದ್ರವವನ್ನು ಒದಗಿಸುತ್ತಿದ್ದ ಶಲ್ಕಕೀಟವನ್ನು ನಾಶಮಾಡುವ, ಎರಡು ಮಿಲಿಮೀಟರಿನಷ್ಟು ಸಣ್ಣದಾದ ಕಣಜವನ್ನು ಮಲೇಷಿಯಾದಿಂದ ತಂದು ಬಿಟ್ಟರು. ಇರುವೆಯನ್ನಲ್ಲ, ಇರುವೆಯ ಉಗ್ರಾಣವನ್ನು ಹಿಡಿಯಬೇಕೆಂಬ ಪಾಠವು ಐದುನೂರು ವರ್ಷಗಳ ಅನಂತರ ಮನುಷ್ಯನಿಗೆ ಮನದಟ್ಟಾಯಿತು.

೪. ಇರುವೆಯೇ ಕಾವಲುಗಾರನಾದುದು

ಇರುವೆಯನ್ನು ಹೊರಗಟ್ಟುವ ಬದಲು ದುಡಿಸಿಕೊಂಡವರೂ ಉಂಟು. ಜೀ ಹಾನ್ ಎಂಬ ಚೀನೀ ವಿದ್ವಾಂಸನ ಹೆಸರಿನಲ್ಲಿರುವ, ಕ್ರಿ. ಶ. ೩೦೪ರದೆಂದು ಸಂಪ್ರದಾಯವು ಹೇಳುವ ದಕ್ಷಿಣದೇಶದ ಸಸ್ಯಗಳ ಗ್ರಂಥವೊಂದರಲ್ಲಿ, ಜನರು ಕೆಂಪು ಹಳದಿ ಮಿಶ್ರವಾದ ಇರುವೆಗಳನ್ನು ಗೂಡುಸಹಿತ ಚೀಲಗಳಲ್ಲಿ ಸಂತೆಗೆ ತಂದು ಮಾರುತ್ತಿದ್ದರೆಂದೂ, ಈ ಇರುವೆಗಳಿಲ್ಲದ ಕಿತ್ತಳೆಯ ಮರದ ಹಣ್ಣುಗಳೆಲ್ಲ ಹುಳಬಿದ್ದು ಕೆಡುವುವೆಂದೂ ಹೇಳಿದೆ. ಈ ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿದ್ದರೂ, ತಾಂಗ್ ವಂಶದ ಕಾಲದ ಬರಹದಲ್ಲಿಯೂ ಈ ವ್ಯಾಪಾರದ ಉಲ್ಲೇಖವಿರುವುದರಿಂದ ಪದ್ಧತಿಯ ಪ್ರಾಚೀನತೆ ನಿರ್ವಿವಾದ. ಮುಂದೆ ಮರದಿಂದ ಮರಕ್ಕೆ ಬಿದಿರಿನ ಸೇತುವೆಗಳನ್ನು ಕಟ್ಟಿ ಇರುವೆಗಳ ಸಂಚಾರಕ್ಕೆ ಅನುಕೂಲ ಮಾಡಿಕೊಡುವ ಕ್ರಮವೂ ರೂಢಿಗೆ ಬಂದಿತು. ಒಂದು ಕೀಟದಿಂದ ಇನ್ನೊಂದನ್ನು ನಿಗ್ರಹಿಸಿದುದಕ್ಕೆ ಲೋಕದಲ್ಲಿ ದೊರೆತಿರುವ ಅತಿ ಹಳೆಯ ನಿದರ್ಶನವಿದು.

ಆ ಇರುವೆ ನಮಗೆ ಅಪರಿಚಿತವಲ್ಲ. ಹಸುರೆಲೆಗಳನ್ನು ರೇಷ್ಮೆಯಂಥ ನೂಲಿನಿಂದ ಹೊಲಿದು ಮಾವು, ಗೇರು ಮರಗಳ ಮೇಲೆ ಗೂಡು ಕಟ್ಟುವ ನಮ್ಮ ಮಲೆನಾಡಿನ ಚಗಳಿಯೇ ಅದು. ಮಲೆನಾಡಿಗರು ಅದರಿಂದ ಚಟ್ನಿ ಮಾಡುವುದನ್ನು ವಾಚಕರಲ್ಲಿ ಹಲವರು ಬಲ್ಲರು. ಒಡಿಶಾದ ಸಿಮಿಲಿಪಾಲ್ ಪ್ರದೇಶದ ಇಂಥದೇ ಚಟ್ನಿಗೆ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆಸ್ಟ್ರೇಲಿಯದ ಉತ್ತರಭಾಗದ ಗೇರುತೋಟಗಳಲ್ಲಿ ನಡೆದ ಪ್ರಯೋಗಗಳಲ್ಲಿ, ಚಗಳಿಯ ವರ್ಗದ ಇರುವೆಗಳು ಚಹಾ ಸೊಳ್ಳೆಯೆಂಬ ರಸಹೀರುವ ತಿಗಣೆಯ ಜಾತಿಯನ್ನು ಚೆನ್ನಾಗಿ ಹತೋಟಿಯಲ್ಲಿಡುತ್ತವೆಂದು ಕಂಡುಬಂದಿದೆ.

ಇಲ್ಲಿ ಒಂದು ವಿಷಾದದ ಸಂಗತಿಯನ್ನು ಹೇಳದೆ ಮುಂದುವರಿಯಲಾರೆವು. ಇದೇ ಚಹಾ ಸೊಳ್ಳೆಯನ್ನು ಕೊಲ್ಲುವುದಕ್ಕೆಂದು ಕಾಸರಗೋಡಿನ ಗೇರುತೋಟಗಳ ಮೇಲೆ ೨೦೦೦ದವರೆಗೆ ಸುಮಾರು ಎರಡು ದಶಕಗಳ ಕಾಲ ಆಕಾಶದಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೆಲವು ಗ್ರಾಮಗಳಲ್ಲಿಯೂ ಹಾಗೆಯೇ ನಡೆಯಿತು. ಆ ಗ್ರಾಮಗಳಲ್ಲಿ ಅಂಗವೈಕಲ್ಯದಿಂದಲೂ ನಾನಾ ರೋಗಗಳಿಂದಲೂ ನರಳಿದ ಕುಟುಂಬಗಳ ಕಥೆಯು ಈಗ ದೇಶಕ್ಕೆಲ್ಲ ತಿಳಿದುದೇ. ೨೦೧೧ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ನಿಷೇಧಿಸಿತು. ಆ ಮರಗಳ ಮೇಲೆಯೇ ಗೂಡು ಕಟ್ಟುವ ಕಾವಲುಗಾರನೂ ಅದೇ ವಿಷದ ಮಳೆಗೆ ಗುರಿಯಾದುದು ಈ ದುರಂತದ ಒಂದು ಕಿರಿಯ ಅಂಶವಾದರೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಹಾಗೆಂದು ಚಗಳಿಯು ದೋಷರಹಿತವೆಂದು ತಿಳಿಯಬಾರದು. ಅದು ಕಚ್ಚುತ್ತದೆ, ಅದೂ ಕೆಲವು ರಸಹೀರುವ ಕೀಟಗಳನ್ನು ಸಾಕುತ್ತದೆ. ಗುಣದೋಷಗಳನ್ನು ತೂಗಿ ನೋಡುವುದು ತೋಟದವನ ಕೆಲಸ.

೫. ಅಂಗಳದಲ್ಲಿ ಅನುಸರಿಸತಕ್ಕ ಕ್ರಮ

ಮೇಲಿನ ವಿವೇಚನೆಯಿಂದ ದೊರೆಯುವ ಕ್ರಮವನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ಮೊದಲು ನೋಡುವುದು. ಯಾವ ಕಾರ್ಯಕ್ಕೂ ಕೈಹಾಕುವ ಮುನ್ನ ಎರಡು ಮೂರು ದಿನ ಸಾಲುಗಳನ್ನು ಅನುಸರಿಸಿ, ಅವು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಅಂಗಳದ ಮೂಲೆಯಲ್ಲಿ ತಮ್ಮಷ್ಟಕ್ಕೆ ಇರುವ ಗೊದ್ದಗಳನ್ನು ಹಾಗೆಯೇ ಬಿಡುವುದು ಲೇಸು. ಮನೆಯೊಳಗೆ ಬರುವುವು, ಮಕ್ಕಳಾಡುವೆಡೆ ಕಚ್ಚುವುವು, ಗಿಡಗಳ ಮೇಲೆ ಹಿಟ್ಟುತಿಗಣೆ, ಹೇನುಗಳನ್ನು ಸಾಕುವುವು ಇವಿಷ್ಟೇ ನಮ್ಮ ಲಕ್ಷ್ಯಕ್ಕೆ ವಿಷಯ.

ಎರಡನೆಯದು ಉಗ್ರಾಣವನ್ನು ಮುಚ್ಚುವುದು. ಸಾಲು ಗಿಡವನ್ನು ಹತ್ತುತ್ತಿದ್ದರೆ ಎಲೆಯ ಹಿಂಬದಿಯನ್ನು ಪರೀಕ್ಷಿಸಬೇಕು. ಕೀಟ ಹತ್ತಿದ ರೆಂಬೆಗಳನ್ನು ಕತ್ತರಿಸಿ, ಉಳಿದುದನ್ನು ಸಾಬೂನಿನ ನೀರಿನಿಂದ ತೊಳೆಯಬೇಕು. ಒಂದು ಲೀಟರು ನೀರಿಗೆ ಒಂದು ಚಮಚೆ ಬೇವಿನ ಎಣ್ಣೆಯನ್ನೂ ಸ್ವಲ್ಪ ಸಾಬೂನನ್ನೂ ಕದಡಿ ಸಂಜೆಯ ಹೊತ್ತು ಚಿಮುಕಿಸುವುದೂ ಒಳ್ಳೆಯದು. ಎಂಜಲು ಪಾತ್ರೆ, ನಾಯಿಬೆಕ್ಕುಗಳ ತಟ್ಟೆ, ಉದುರಿದ ಹಣ್ಣು ಇವನ್ನು ಅಂಗಳದಲ್ಲಿ ಬಿಡಬಾರದು.

ಮೂರನೆಯದು ದಾರಿಯನ್ನು ಕಡಿಯುವುದು. ಸಾಲು ಹರಿದ ನೆಲವನ್ನು ಸಾಬೂನಿನ ನೀರಿನಿಂದಲೋ ನೀರು ಬೆರೆಸಿದ ಹುಳಿ ವಿನಿಗರಿನಿಂದಲೋ ಒರಸಿದರೆ ಗಂಧದ ಗುರುತು ಅಳಿಯುತ್ತದೆ. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚಬೇಕು. ಗೋಡೆಗೆ ತಾಗುವ ಕೊಂಬೆಗಳನ್ನು ಸವರಬೇಕು, ಏಕೆಂದರೆ ಅವೇ ಇರುವೆಯ ಸೇತುವೆಗಳು. ಮರದ ಕಾಂಡಕ್ಕೆ ಬಟ್ಟೆಯನ್ನು ಬಿಗಿದು ಅದರ ಮೇಲೆ ಅಂಟನ್ನು ಬಳಿದರೆ ಹತ್ತುವ ಇರುವೆ ತಡೆಯಲ್ಪಡುತ್ತದೆ. ತೊಗಟೆಗೆ ನೇರವಾಗಿ ಬಳಿಯಬಾರದು. ಅರಿಸಿನ, ದಾಲ್ಚಿನ್ನಿ, ಲವಂಗಗಳ ಗೆರೆಯು ಸ್ವಲ್ಪ ಕಾಲ ಸಾಲನ್ನು ತಿರುಗಿಸುತ್ತದೆಯೇ ಹೊರತು ಗೂಡಿಗೆ ಏನನ್ನೂ ಮಾಡದು. ಬೂದಿಯೂ ಅಷ್ಟೇ; ಒಣಗಿರುವತನಕ ಮಾತ್ರ ಅದರ ಶಕ್ತಿ. ಡಯಾಟಮ್ ಮಣ್ಣೆಂಬ ಪುಡಿಯು ಇರುವೆಯ ಮೈಮೇಲಿನ ಮೇಣದ ಪೊರೆಯನ್ನು ಕೆಡಿಸಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಅದೂ ಒಣಗಿದ್ದರೆ ಮಾತ್ರ ಪರಿಣಾಮಕಾರಿ. ಅದನ್ನು ಹರಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ನಾಲ್ಕನೆಯದು ಗೂಡಿನ ವಿಷಯ. ಮೇಲಿನವುಗಳಿಂದ ಫಲ ಕಾಣದಿದ್ದರೆ ಮಾತ್ರ ಇದಕ್ಕೆ ಕೈಹಾಕಬೇಕು. ಗಿಡಗಳ ಬೇರಿಗೆ ದೂರವಾಗಿರುವ ಗೂಡಿಗೆ ಕುದಿಯುವ ನೀರನ್ನು ಸುರಿಯಬಹುದು. ಅಮೆರಿಕದಲ್ಲಿ ಬೆಂಕಿಯಿರುವೆಯ ಗೂಡುಗಳಿಗೆ ಸುಮಾರು ಹನ್ನೊಂದು ಲೀಟರಿನಂತೆ ಸುರಿದು ನೋಡಿದಾಗ ನೂರಕ್ಕೆ ಅರುವತ್ತರಷ್ಟು ಗೂಡುಗಳು ನಾಶವಾದುವು. ಉಳಿದ ಗೂಡುಗಳಿಗೆ ಮತ್ತೆ ಸುರಿಯಬೇಕಾಗುತ್ತದೆ. ಇನ್ನೊಂದು ಉಪಾಯವು ಬಿಳಿಗಾರ, ಎಂದರೆ ಬೋರಾಕ್ಸ್. ಒಂದು ಲೋಟ ಬೆಚ್ಚನೆಯ ನೀರಿನಲ್ಲಿ ಎಂಟು ಚಹಾಚಮಚೆ ಸಕ್ಕರೆಯನ್ನೂ ಅರ್ಧ ಚಹಾಚಮಚೆ ಬಿಳಿಗಾರವನ್ನೂ ಕರಗಿಸಿ, ಹತ್ತಿಯಲ್ಲಿ ಅದ್ದಿ ಇರುವೆಯ ದಾರಿಯಲ್ಲಿಡಬೇಕು. ಬಿಳಿಗಾರ ಹೆಚ್ಚಾದರೆ ಇರುವೆಯು ಅದನ್ನು ಮುಟ್ಟದು, ಇಲ್ಲವೆ ಗೂಡನ್ನು ಸೇರುವ ಮುನ್ನವೇ ಸಾಯುವುದು. ಕಡಮೆಯಿದ್ದಲ್ಲಿ ಬಾಯಿಂದ ಬಾಯಿಗೆ ಸಾಗಿ ರಾಣಿಯನ್ನು ತಲಪುತ್ತದೆ. ಹಿಸ್ಪಾನಿಯೋಲಾದ ಸನ್ಯಾಸಿಗಳ ಗಡ್ಡೆಗೂ ಇದಕ್ಕೂ ಇರುವ ಅಂತರವು ಇಷ್ಟೇ: ಅದು ಕಚ್ಚಿದವನನ್ನು ಅಲ್ಲಿಯೇ ಕೊಂದಿತು, ಇದು ಗೂಡಿನ ತನಕ ಪ್ರಯಾಣ ಮಾಡುತ್ತದೆ. ಇದಕ್ಕೆ ಎರಡು ಮೂರು ವಾರಗಳ ತಾಳ್ಮೆ ಬೇಕು. ಬಿಳಿಗಾರವು ಗಣಿಯಿಂದ ಬಂದ ವಸ್ತುವೆಂದು ಅದನ್ನು ನಿರಪಾಯವೆಂದು ಬಗೆಯಕೂಡದು. ಹೊಟ್ಟೆಗೆ ಹೋದರೆ ಮಕ್ಕಳಿಗೆ ಅದು ವಿಷವೇ. ಸಣ್ಣ ರಂಧ್ರಗಳುಳ್ಳ ಮುಚ್ಚಿದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು.

ಕೊನೆಯದಾಗಿ ಮಾಡಬಾರದವು. ಸೀಮೆಎಣ್ಣೆ, ಉಪ್ಪು ಇವು ಮಣ್ಣನ್ನು ಕೆಡಿಸುತ್ತವೆ. ರವೆಯನ್ನು ತಿಂದ ಇರುವೆಯು ಹೊಟ್ಟೆಯುಬ್ಬಿ ಒಡೆಯುವುದೆಂಬುದು ಕೇವಲ ಕಟ್ಟುಕಥೆ. ಬೆಳೆದ ಇರುವೆಯು ರವೆಯನ್ನು ನುಂಗುವುದೇ ಇಲ್ಲ. ಅಂಗಡಿಯಲ್ಲಿ ದೊರೆಯುವ ಇರುವೆಯ ಸೀಮೆಸುಣ್ಣವನ್ನು ಅನೇಕರು ಬರಿಯ ಸುಣ್ಣವೆಂದು ಭಾವಿಸಿದ್ದಾರೆ. ಅದರಲ್ಲಿರುವುದು ಪೈರೆಥ್ರಾಯಿಡ್ ವರ್ಗದ ಕೀಟನಾಶಕ. ಒಂದು ಕಾಲದಲ್ಲಿ ಮನೆಮನೆಗಳಲ್ಲಿ ನಿಶ್ಚಿಂತೆಯಿಂದ ಚೆಲ್ಲುತ್ತಿದ್ದ ಬಿ. ಎಚ್. ಸಿ. ಪುಡಿಯು ನಮ್ಮ ದೇಶದಲ್ಲಿ ೧೯೯೭ರಲ್ಲಿ ನಿಷಿದ್ಧವಾಯಿತೆಂಬುದನ್ನು ನೆನೆದರೆ, ಇಂದು ನಿರಪಾಯವೆನಿಸಿದ ಪುಡಿಯ ವಿಷಯದಲ್ಲಿಯೂ ಎಚ್ಚರ ಬೇಕೆಂಬುದು ಸ್ವತಃ ತಿಳಿಯುತ್ತದೆ.

೬. ಉಪಸಂಹಾರ

ನಮ್ಮ ಅಂಗಳದ ವೃತ್ತಾಂತವನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ಪುಡಿ ಬಿದ್ದ ಮೇಲ್ಮಣ್ಣನ್ನು ಕೆರೆದು ತೆಗೆಸಿದೆವು. ಅನಂತರ ವಿದ್ಯಾರ್ಥಿಗಳೊಡನೆ ಮೂರು ದಿನ ಸಾಲುಗಳನ್ನು ಹಿಂಬಾಲಿಸಿದೆವು. ಒಂದು ಸಾಲು ಬೆಂಚಿನ ಹಿಂದಿನ ದಾಸವಾಳಕ್ಕೆ ಹೋಗುತ್ತಿತ್ತು. ಅದರ ಎಳೆಯ ಕುಡಿಗಳೆಲ್ಲ ಹಿಟ್ಟುತಿಗಣೆಯಿಂದ ಬೆಳ್ಳಗಾಗಿ ಮುರುಟಿದ್ದುವು. ಇನ್ನೊಂದು ಸಾಲು ಬುತ್ತಿಯ ಡಬ್ಬಿ ತೊಳೆಯುವ ನಲ್ಲಿಯ ಬಳಿಗೆ ಹೋಗುತ್ತಿತ್ತು. ಪುಸ್ತಕದ ಕೊಠಡಿಗೆ ಬಂದುದು ಕಿಟಕಿಗೆ ತಾಗಿದ ಒಂದು ಕೊಂಬೆಯ ಮೂಲಕ. ವರಾಹಮಿಹಿರನು ಹೇಳಿದಂತೆ ಮೊದಲು ಕೆಟ್ಟ ಕುಡಿಗಳನ್ನು ಕತ್ತರಿಸಿದೆವು; ಗಿಡವನ್ನು ಸಾಬೂನಿನ ನೀರಿನಿಂದ ವಾರಕ್ಕೊಮ್ಮೆ ತೊಳೆಸಿದೆವು; ಕೊಂಬೆಯನ್ನು ಸವರಿಸಿದೆವು; ನಲ್ಲಿಯ ಬಳಿ ಅನ್ನದ ಅಗುಳು ಬೀಳದಂತೆ ಜಾಲರಿಯನ್ನು ಹಾಕಿಸಿದೆವು. ಮೆಟ್ಟಿಲ ಕೆಳಗಿನ ಒಂದು ಗೂಡಿಗೆ ಮಾತ್ರ ಬಿಳಿಗಾರದ ಡಬ್ಬಿಯನ್ನಿಟ್ಟೆವು. ಸುಮಾರು ಆರು ವಾರಗಳಲ್ಲಿ ಕೊಠಡಿಯ ಸಾಲು ನಿಂತಿತು; ಬೆಂಚಿನ ಮೇಲೆ ಮತ್ತೆ ಕುಳಿತುಕೊಳ್ಳುವಂತಾಯಿತು. ಅಂಗಳದಲ್ಲಿ ಇರುವೆಗಳಿಲ್ಲವೆಂದಲ್ಲ. ಮರದ ಬುಡದ ಗೊದ್ದಗಳು ಇದ್ದಲ್ಲಿಯೇ ಇವೆ. ಅವುಗಳನ್ನು ಬಿಡಿಸುವ ಉದ್ದೇಶ ನಮಗಿಲ್ಲ.

ದೀಪಾವಳಿಯ ದಿನ ತೋಟದಾತನ ಮಗಳು ವಿಭಾಗದ ಬಾಗಿಲ ಮುಂದೆ ರಂಗೋಲಿಯಿಟ್ಟಳು. ಈ ಸಲ ಅವಳ ತಾಯಿಯೇ ಅಕ್ಕಿಹಿಟ್ಟನ್ನು ಕಲಸಿಕೊಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಗೆರೆಗಳ ಒಂದು ಮೂಲೆಯನ್ನು ಇರುವೆಗಳು ಹೊತ್ತು ಸಾಗಿಸುತ್ತಿದ್ದುವು. ನಾವು ಯಾರೂ ಅಡ್ಡಿಪಡಿಸಲಿಲ್ಲ.

ನಿರ್ಮೂಲವಲ್ಲ, ನಿಯಂತ್ರಣ, ಕೊಲ್ಲುವುದಕ್ಕೆ ಮುಂಚೆ ಕಾರಣವನ್ನು ಹುಡುಕುವುದು, ಉಪಾಯವು ಉಪದ್ರವಕ್ಕಿಂತ ದೊಡ್ಡದಾಗದಂತೆ ನೋಡಿಕೊಳ್ಳುವುದು. ಐದು ಶತಮಾನಗಳ ಪರಾಭವಗಳು ನಮಗೆ ಕಲಿಸುವುದಿಷ್ಟು. ಮನೆತನದ ಕಡತಗಳಲ್ಲಾಗಲಿ, ಹಿರಿಯರ ಬಾಯಲ್ಲಾಗಲಿ ಧಾನ್ಯರಕ್ಷಣೆಯ, ಕೀಟನಿವಾರಣೆಯ ಹಳೆಯ ಪದ್ಧತಿಗಳ ಉಲ್ಲೇಖವು ವಾಚಕರಿಗೆ ದೊರೆತಲ್ಲಿ ಅವನ್ನು ಸ್ಥಳ, ಕಾಲಗಳ ವಿವರದೊಡನೆ ವಿಭಾಗಕ್ಕೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ. ಅಂಥವನ್ನು ಮುಂದಿನ ಸಂಚಿಕೆಗಳಲ್ಲಿ ಕ್ರಮಪಡಿಸಿ ಪ್ರಕಟಿಸುವ ಆಶೆ ನಮಗಿದೆ.